ಬೇವಿನ ಮರಕ್ಕೆ ಎರಡು ಬಣ್ಣ

ಚಿಕ್ಕವಳಿದ್ದಾಗ ನಾನು ಕೇಳುತ್ತಿದ್ದ ಪ್ರಶ್ನೆಗಳಿಗೆಲ್ಲ ನಮ್ಮವ್ವನ ಹತ್ತಿರ ಒಂದೇ ಉತ್ತರವಿತ್ತು: “ದೊಡ್ಡಾಕಿ ಆದಮ್ಯಾಲ ಗೊತ್ತಾಗ್ತೈತಿ, ಈಗ ಸುಮ್ನ ಕುಂದ್ರು.” ಕಂಪ್ಲಿಯಲ್ಲಿ ನಮ್ಮಪ್ಪನದು ಅಕ್ಕಿ ಗಿರಣಿ. ಹೊಟ್ಟು ಹಾರುತ್ತದೆ, ಅಕ್ಕಿ ಯಾಕೆ ಹಾರುವುದಿಲ್ಲ? ಹರಿಗೋಲು ಗುಂಡಗಿದ್ದೂ ಆಚೆ ದಂಡೆಗೆ ನೆಟ್ಟಗೆ ಹೇಗೆ ಹೋಗುತ್ತದೆ? ಕಪ್ಪೆ ಬೇಸಿಗೆಯಲ್ಲಿ ಯಾರ ಮನೆಗೆ ಹೋಗಿರುತ್ತದೆ? ದೊಡ್ಡವಳಾದೆ, ಕಾಲೇಜು ಮುಗಿಸಿದೆ, ಒಂದೂ ಗೊತ್ತಾಗಲಿಲ್ಲ. ಗೊತ್ತಾಗದ್ದನ್ನೆಲ್ಲ ಕತೆ ಮಾಡಿ ಮಕ್ಕಳ ಪತ್ರಿಕೆಗಳಿಗೆ ಕಳಿಸುತ್ತಿದ್ದೆ. ಹೋದಷ್ಟೇ ಜಲ್ದಿ ಅವು ವಾಪಸ್ ಬರುತ್ತಿದ್ದವು. ನನ್ನ ಮೊದಲ ಪುಸ್ತಕ ಅಚ್ಚಾದದ್ದು ಕಂಪ್ಲಿಯ ಕಪ್ಪೆಯಿಂದಲೂ ಅಲ್ಲ, ಹರಿಗೋಲಿನಿಂದಲೂ ಅಲ್ಲ. ಅದು ಆದದ್ದು ಒಂದು ಬೇಸಿಗೆಯಲ್ಲಿ, ಸಂಡೂರಿನ ದಾರಿಯಲ್ಲಿದ್ದ ಒಂದು ಬೇವಿನ ಮರದಿಂದ.

ಕಬ್ಬಿಣದ ಅದಿರಿಗೆ ಎಲ್ಲಿಲ್ಲದ ಬೆಲೆ ಬಂದಿದ್ದ ವರ್ಷಗಳು ಅವು. ಹೊಸಪೇಟೆಯಿಂದ ಸಂಡೂರಿಗೆ ಹೋಗುವ ರಸ್ತೆಯಲ್ಲಿ ಲಾರಿಗಳು ಇರುವೆ ಸಾಲಿನಂತೆ ಒಂದರ ಹಿಂದೆ ಒಂದು ನಿಂತಿರುತ್ತಿದ್ದವು. ಬೆಟ್ಟ ಸಾಲದೆಂದು ಹೊಲಗಳನ್ನೂ ಅಗೆಯುತ್ತಿದ್ದರು. ಮೇಲ್ಮಣ್ಣಿನಲ್ಲೇ ಸಿಗುವ ಅದಿರಿನ ಕಲ್ಲುಗಳನ್ನು ಆರಿಸಿ, ಸುತ್ತಿಗೆಯಲ್ಲಿ ಒಡೆದು ಗುಡ್ಡೆ ಹಾಕುವುದಕ್ಕೆ ಸುತ್ತಮುತ್ತಲಿನ ತಾಲೂಕುಗಳಿಂದ ಸಂಸಾರ ಸಮೇತ ಜನ ಬಂದು ಗುಡಿಸಲು ಹಾಕಿಕೊಂಡಿದ್ದರು. ಅವರ ಮಕ್ಕಳಿಗಾಗಿ ಒಂದು ಸಂಸ್ಥೆ ತಾಡಪಾಲಿನ ಕೆಳಗೆ ಟೆಂಟ್ ಶಾಲೆ ನಡೆಸುತ್ತಿತ್ತು. ಅಲ್ಲಿ ಓದು ಕಲಿಸುವುದು ನನ್ನ ಕೆಲಸ. ನಮ್ಮ ಶಾಲೆಗಿದ್ದದ್ದು ಒಂದೇ ಕಾನೂನು, ಸುತ್ತಿಗೆ ಹೊರಗೆ. ಬಾಗಿಲಲ್ಲಿ ಒಂದು ಬುಟ್ಟಿ ಇಟ್ಟಿದ್ದೆವು. ಮಕ್ಕಳು ತಮ್ಮ ಪುಟ್ಟ ಸುತ್ತಿಗೆಗಳನ್ನು ಅದರಲ್ಲಿ ಹಾಕಿ ಒಳಗೆ ಬರಬೇಕು.

ಒಳಗೆ ಬಂದ ಮೇಲೆ ನನ್ನ ಕಪ್ಪೆಯ ಕತೆ ಕೇಳಿ ಅರ್ಧ ಜನ ನಿದ್ದೆ ಹೋಗುತ್ತಿದ್ದರು. ಪಾಪ, ದಣಿದಿರುತ್ತಾರೆ ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದೆ.

ಒಂದು ದಿನ, ಟೆಂಟಿನ ಎದುರಿಗಿರುವ ಬೇವಿನ ಮರದ ಚಿತ್ರ ಬರೆಯಿರಿ ಎಂದು ಎಲ್ಲರಿಗೂ ಬಣ್ಣದ ಕಡ್ಡಿ ಕೊಟ್ಟೆ. ಎಲ್ಲರೂ ಹಸಿರಿಗೆ ಮುಗಿಬಿದ್ದರು. ಒಬ್ಬಳು ಮಾತ್ರ ಇಟ್ಟಿಗೆಗೆಂಪಿನ ಕಡ್ಡಿ ತೆಗೆದುಕೊಂಡು ಎಲೆಗಳಿಗೆಲ್ಲ ತಿಕ್ಕುತ್ತಿದ್ದಳು. ಎಮ್ಮಿಗನೂರಿನ ಕಡೆಯ ಸಂಸಾರದ ಹುಡುಗಿ. ದಿನಾ ಎರಡು ಮೇಕೆ ಹೊಡೆದುಕೊಂಡು ಬಂದು, ಅವನ್ನು ಗೂಟಕ್ಕೆ ಕಟ್ಟಿ, ಆಮೇಲೆ ಒಳಗೆ ಬರುತ್ತಿದ್ದಳು. ಕೇಳಿದ್ದನ್ನೇ ಕೇಳಿ ತಲೆ ತಿನ್ನುತ್ತಾಳೆಂದು ಅವಳನ್ನು ನಾನು ಪ್ರಶ್ನೆ ಹುಡುಗಿ ಎಂದು ಕರೆಯುತ್ತಿದ್ದೆ.

“ಬೇವು ಹಸಿರು ಅಲ್ಲೇನವ್ವಾ?” ಎಂದೆ.

“ಊರಾಗ ಹಸಿರು ಟೀಚರ್. ನೀವು ಇಲ್ಲಿನ ಮರ ಬರೀರಿ ಅಂದ್ರಲ್ಲ” ಎಂದಳು ತಲೆ ಎತ್ತದೆ.

ನಾನು ಹೊರಗೆ ನೋಡಿದೆ. ದಿನಾ ಅದೇ ಮರದ ಕೆಳಗೆ ಬಸ್ಸಿಳಿಯುತ್ತಿದ್ದೆ. ಅದರ ಒಂದೊಂದು ಎಲೆಯ ಮೇಲೂ ಅದಿರಿನ ಧೂಳು ಹೆಪ್ಪುಗಟ್ಟಿತ್ತು. ಮರ ಬುಡದಿಂದ ತುದಿಯವರೆಗೆ ಕೆಂಪಗಿತ್ತು, ಮತ್ತು ನಾನು ಅದನ್ನು ಅಷ್ಟು ತಿಂಗಳಿಂದ ಹಸಿರೆಂದೇ ನೋಡುತ್ತಿದ್ದೆ. ನನಗೆ ನಗು ಬಂತು, ಸ್ವಲ್ಪ ಹೆದರಿಕೆಯೂ ಆಯಿತು.

ಹುಡುಗಿ ಬಣ್ಣ ತಿಕ್ಕುತ್ತಲೇ ಕೇಳಿದಳು, “ತಾ ಹಸಿರು ಅಂತ ಈ ಮರಕ್ಕ ನೆಪ್ಪಿರ್ತೈತೇನ್ರಿ ಟೀಚರ್?”

ಆ ಪ್ರಶ್ನೆ ನನ್ನ ತಲೆಯಲ್ಲಿ ಕೂತುಬಿಟ್ಟಿತು. ಮರುದಿನದಿಂದ ನಾನೇ ಪ್ರಶ್ನೆ ಹುಡುಗಿಯಾದೆ. ರಸ್ತೆ ಬದಿಯ ಚಹಾ ಅಂಗಡಿಯವಳನ್ನು ಕೇಳಿದೆ, ಆ ಬೇವಿನ ಮರ ಯಾವ ಬಣ್ಣ? “ಹಸಿರು, ಮತ್ಯಾವ್ದು?” ಎಂದಳು ಲೋಟ ತೊಳೆಯುತ್ತಾ. ಸಾಲಿನಲ್ಲಿ ಸಿಕ್ಕಿಕೊಂಡಿದ್ದ ಲಾರಿ ಡ್ರೈವರ್ ಹಸಿರೆಂದ. ಧೂಳು ಏಳದಿರಲೆಂದು ಟ್ಯಾಂಕರಿನಲ್ಲಿ ರಸ್ತೆಗೆ ನೀರು ಹೊಡೆಯುವವನೂ ಹಸಿರೆಂದ. ಒಬ್ಬರೂ ತಲೆ ಎತ್ತಿ ಮರ ನೋಡಲಿಲ್ಲ. ಇದು ನನಗೆ ಕಪ್ಪೆಗಿಂತ ಸೋಜಿಗವಾಗಿ ಕಂಡಿತು. ಕಣ್ಣೆದುರಿಗೆ ಕೆಂಪು, ಬಾಯಲ್ಲಿ ಹಸಿರು. ಮರಕ್ಕೆ ನೆನಪಿದೆಯೋ ಇಲ್ಲವೋ, ಜನಕ್ಕಂತೂ ಗಟ್ಟಿ ನೆನಪಿತ್ತು.

ಮರ ನೋಡಿ ನಡೆದುಕೊಳ್ಳುತ್ತಿದ್ದವಳು ಆ ಹುಡುಗಿ ಒಬ್ಬಳೇ. ಮೇಕೆಗೆ ಸೊಪ್ಪು ಹಾಕುವ ಮುಂಚೆ ಉದ್ದನೆಯ ಕೋಲಿನಿಂದ ಕೊಂಬೆಗೆ ಪಟಪಟ ಹೊಡೆಯುತ್ತಿದ್ದಳು. ಕೆಂಪು ಧೂಳು ಮೋಡದಂತೆ ಇಳಿದ ಮೇಲೆ ಕೊಂಬೆ ಬಗ್ಗಿಸುತ್ತಿದ್ದಳು. “ಹಂಗ ಹಾಕಿದ್ರ ಮೂಸಿ ಬಿಟ್ಟು ಹೋಗ್ತಾವ್ರಿ” ಎಂದು ನನಗೆ ವಿವರಿಸಿದಳು. ಅಲ್ಲಿಗೆ ನನ್ನ ಕತೆಗೆ ತಲೆಯೂ ಸಿಕ್ಕಿತು, ಬಾಲವೂ ಸಿಕ್ಕಿತು.

ಮಧ್ಯದ್ದು ಸಿಗುವುದಕ್ಕೆ ಮಾತ್ರ ಬೆವರಿಳಿಯಿತು. ಮೊದಲು ಬರೆದದ್ದರಲ್ಲಿ ಮರ ಬಿಕ್ಕಿ ಬಿಕ್ಕಿ ಅಳುತ್ತಿತ್ತು, ಲಾರಿಯೊಂದು ರಾಕ್ಷಸನಾಗಿತ್ತು, ಕೊನೆಯಲ್ಲಿ ಒಬ್ಬ ಅಜ್ಜ ಬಂದು ಪರಿಸರ ಕಾಪಾಡಿ ಎಂದು ಹೇಳಿ ಹೋಗುತ್ತಿದ್ದ. ಮಕ್ಕಳಿಗೆ ಓದಿದೆ. ಯಾರೂ ನಿದ್ದೆ ಮಾಡಲಿಲ್ಲ, ಅದೇ ಸಂತೋಷ. ಆದರೆ ಒಬ್ಬ ಹುಡುಗ ಮುಖ ಗಂಟಿಕ್ಕಿಕೊಂಡು, “ನಮ್ಮಪ್ಪನ ಲಾರಿ ಏನ್ ಮಾಡೈತ್ರಿ?” ಎಂದ. ಅವನ ಅಪ್ಪ ಲಾರಿಯ ಕ್ಲೀನರ್. ಇನ್ನೊಬ್ಬಳು, “ಮರ ಅಳಂಗಿಲ್ರಿ, ಸುಮ್ನ ನಿಂತಿರ್ತೈತಿ” ಎಂದಳು. ಅವರು ಹೇಳಿದ್ದು ಸರಿ. ರಾಕ್ಷಸನನ್ನು ತೆಗೆದೆ, ಅಳು ತೆಗೆದೆ, ಅಜ್ಜನನ್ನಂತೂ ಬಹಳ ಖುಷಿಯಿಂದ ತೆಗೆದೆ. ಒಬ್ಬ ಹುಡುಗಿ ಕಂಡಕಂಡವರನ್ನು ಮರದ ಬಣ್ಣ ಕೇಳುತ್ತಾ ಹೋಗುವುದಷ್ಟೇ ಉಳಿಯಿತು.

ನಾನು ಆ ಕತೆಯನ್ನು ಸಂಸ್ಥೆಯ ಸಂಯೋಜಕರಿಗೆ ತೋರಿಸಿದೆ. ಟೆಂಟ್ ಶಾಲೆಗಳಿಗೆ ಹಂಚಲು ಅದನ್ನು ಹದಿನಾರು ಪುಟದ ಚಿತ್ರಪುಸ್ತಕವಾಗಿ ಅಚ್ಚು ಮಾಡಿಸೋಣ ಎಂದು ಅವರು ಒಪ್ಪಿದರು. ಕಪ್ಪಿನ ಜೊತೆ ಒಂದೇ ಬಣ್ಣ, ಅದಕ್ಕಿಂತ ಹೆಚ್ಚು ಸಾಧ್ಯವಿಲ್ಲ. ಚಿತ್ರವೂ ನೀವೇ ಬರೆಯಿರಿ ಎಂದರು. ಮತ್ತು ಒಂದು ಮಾತು ಒತ್ತಿ ಹೇಳಿದರು: ಕಾಲುವೆಗೆ ನೀರು ಬಿಡುವ ಮುಂಚೆ ಪುಸ್ತಕ ಬರಬೇಕು. ಯಾಕೆಂದರೆ ಅಣೆಕಟ್ಟೆಯಿಂದ ನೀರು ಬಿಟ್ಟರೆ ಭತ್ತದ ನಾಟಿ ಶುರು. ನೀರಾವರಿ ಕಡೆಯ ಸಂಸಾರಗಳೆಲ್ಲ ಗುಡಿಸಲು ಕಿತ್ತುಕೊಂಡು ಊರಿಗೆ ಹೋಗುತ್ತವೆ. ಮತ್ತೆ ಅದೇ ಜಾಗಕ್ಕೆ ಬರುತ್ತಾರೆ ಎನ್ನುವ ಖಾತ್ರಿ ಇಲ್ಲ. ನನಗೆ ಬೇರೆ ಮಕ್ಕಳಿಗಿಂತ ಆ ಒಬ್ಬಳ ಚಿಂತೆ ಹೆಚ್ಚಾಯಿತು. ಪ್ರಶ್ನೆ ಕೇಳಿದವಳ ಕೈಗೇ ಪುಸ್ತಕ ಸಿಗದಿದ್ದರೆ ಅದನ್ನು ಯಾರಿಗಾಗಿ ಬರೆದ ಹಾಗಾಯಿತು? ನಿನಗೊಂದು ಪುಸ್ತಕ ಕೊಡುತ್ತೇನೆ ಎಂದು ಅವಳಿಗೆ ಮಾತನ್ನೂ ಕೊಟ್ಟಿದ್ದೆ.

ಹೊಸಪೇಟೆಯ ಪೇಟೆ ಬೀದಿಯ ಹಿಂದಿನ ಸಂದಿಯಲ್ಲಿ ಪ್ರೆಸ್ಸು. ಗಣಿ ಕಂಪನಿಗಳ ಕೆಲಸದಲ್ಲಿ ಅದಕ್ಕೆ ಉಸಿರಾಡಲೂ ಬಿಡುವಿರಲಿಲ್ಲ. ಮಾಲೀಕರು, “ಭಾನುವಾರ ಮಾತ್ರ ಮಷೀನು ನಿಮ್ದು ಮೇಡಂ, ಎರಡು ಭಾನುವಾರ. ಉಳಿದ ದಿನ ಕೇಳಬ್ಯಾಡ್ರಿ” ಎಂದರು. ಮಷೀನು ಒಮ್ಮೆಗೆ ಒಂದೇ ಬಣ್ಣ ಒತ್ತುವಂಥದ್ದು. ದೊಡ್ಡ ಹಾಳೆಯ ಒಂದು ಮುಖದಲ್ಲಿ ಎಂಟು ಪುಟ, ಹಿಂದಿನ ಮುಖದಲ್ಲಿ ಎಂಟು ಪುಟ. ಒಂದು ಭಾನುವಾರ ಎರಡೂ ಮುಖಕ್ಕೆ ಕಪ್ಪು, ಇನ್ನೊಂದು ಭಾನುವಾರ ಎರಡೂ ಮುಖಕ್ಕೆ ಬಣ್ಣ. ಮುಗಿಯಿತು ಲೆಕ್ಕ.

ಯಾವ ಬಣ್ಣ? ಕೆಂಪು ಹಾಕಿದರೆ ಜನ ಹೇಳುವ ಹಸಿರು ಎಲ್ಲಿಂದ ತರಲಿ? ಹಸಿರು ಹಾಕಿದರೆ ಹುಡುಗಿ ಕಾಣುವ ಕೆಂಪು ಎಲ್ಲಿ? ಎರಡು ಬಣ್ಣದ ಜಗಳದ ಕತೆಗೆ ಒಂದೇ ಬಣ್ಣ ಕೊಟ್ಟರೆ ಗಂಡಿಲ್ಲದ ಮದುವೆಯಂತೆ ಆಗುತ್ತಿತ್ತು. ಮಾಲೀಕರ ಜೊತೆ ವಾದ ಮಾಡಿ ಸೋತು, ಅಲ್ಲೇ ಬಿದ್ದಿದ್ದ ಒಂದು ರದ್ದಿ ಹಾಳೆ ಎತ್ತಿಕೊಂಡು ಮನೆಗೆ ಬಂದೆ. ಹದಿನಾರು ಪುಟ ಒಂದೇ ಹಾಳೆಯಲ್ಲಿ ಹೇಗೆ ಕೂರುತ್ತವೆ ಎಂದು ನೋಡುವ ಚಪಲ ಅಷ್ಟೇ. ಮೂರು ಸಲ ಮಡಚಿದೆ, ಅಂಚು ಕತ್ತರಿಸದೆ ಹಾಗೇ ಬಗ್ಗಿಸಿ ಬಗ್ಗಿಸಿ ಪೆನ್ಸಿಲಿನಲ್ಲಿ ಪುಟಸಂಖ್ಯೆ ಹಾಕಿದೆ, ಮತ್ತೆ ಬಿಡಿಸಿ ನೆಲದ ಮೇಲೆ ಹರಡಿದೆ.

ಒಂದನೇ ಪುಟವಿದ್ದ ಮುಖದಲ್ಲಿ ನಾಲ್ಕು, ಐದು, ಎಂಟು, ಒಂಬತ್ತು ಇದ್ದವು. ಎರಡು, ಮೂರು, ಆರು, ಏಳು ಹಿಂದಿನ ಮುಖದಲ್ಲಿದ್ದವು. ಕೊನೆಯವರೆಗೂ ಹಾಗೇ. ಅಂದರೆ ಪುಸ್ತಕ ತೆರೆದರೆ ಎದುರುಬದುರಾಗುವ ಜೋಡಿ ಪುಟ ಒಂದು ಮುಖದ್ದು, ಹಾಳೆ ತಿರುಗಿಸಿದರೆ ಬರುವ ಜೋಡಿ ಇನ್ನೊಂದು ಮುಖದ್ದು. ನಾನು ಒಂದು ಮುಖಕ್ಕೆ ಕುಂಕುಮ, ಇನ್ನೊಂದಕ್ಕೆ ಕೊತ್ತಂಬರಿ ಸೊಪ್ಪು ತಿಕ್ಕಿ ಮತ್ತೆ ಮಡಚಿದೆ. ತಿರುವಿದೆ. ಹಸಿರು. ತಿರುವಿದೆ. ಕೆಂಪು. ಮತ್ತೆ ಹಸಿರು. ಒಬ್ಬಳೇ ಕೂತು ಚಪ್ಪಾಳೆ ತಟ್ಟಿಕೊಂಡೆ. ಪ್ರತಿ ಪುಟಕ್ಕೂ ಒಂದೇ ಬಣ್ಣ, ಪುಸ್ತಕಕ್ಕೆ ಎರಡು.

ಹಾಳೆ ಮಡಚುವ ರೀತಿಯೇ ನನ್ನ ಕತೆಯನ್ನು ತಿದ್ದಿತು. ಮೊದಲ ಪುಟದಲ್ಲಿ ಕೆಂಪು ಮರ. ತಿರುವಿದರೆ ಚಹಾದವಳು ಹಸಿರು ಎನ್ನುತ್ತಾಳೆ, ಅವಳ ಮನಸ್ಸಿನಲ್ಲಿರುವ ಹಸಿರು ಬೇವು ಎರಡೂ ಪುಟದ ತುಂಬ. ತಿರುವಿದರೆ ಹುಡುಗಿ ತಲೆ ಎತ್ತಿ ನೋಡುತ್ತಾಳೆ, ಕೆಂಪು. ತಿರುವಿದರೆ ಡ್ರೈವರನ ಊರಿನ ಹಸಿರು, ತಿರುವಿದರೆ ಮತ್ತೆ ಕೆಂಪು. ಟ್ಯಾಂಕರಿನವನಾದ ಮೇಲೆ ಹುಡುಗಿ ಕೋಲು ತೆಗೆದುಕೊಂಡು ಕೊಂಬೆಗೆ ಹೊಡೆಯುತ್ತಾಳೆ, ಜೋಡಿ ಪುಟದ ತುಂಬ ಕೆಂಪು ಧೂಳು, ಎಲ್ಲರೂ ತಲೆಗೆ ಬಟ್ಟೆ ಹೊದ್ದು ಓಡುತ್ತಾರೆ. ತಿರುವಿದರೆ ಮೇಕೆಗಳು ಹಸಿರು ಎಲೆ ಮೇಯುತ್ತಿವೆ. ಕೊನೆಯ ಪುಟಕ್ಕೆ, ಅಂದರೆ ಹಿಂಬದಿಯ ಹೊದಿಕೆಗೆ, ಉಳಿದದ್ದು ಕೆಂಪು. ಮೊದಲು ಅದನ್ನು ನೋಡಿ ಬೇಜಾರಾಯಿತು, ಮುಕ್ತಾಯ ಹಸಿರಾಗಬಾರದೇ ಎಂದು. ಆಮೇಲೆ ಅನ್ನಿಸಿತು, ನಾಳೆ ಬೆಳಿಗ್ಗೆ ಲಾರಿ ಬರುತ್ತದಲ್ಲ, ಕೆಂಪೇ ಸರಿ.

ಮಾಲೀಕರು ನಾನು ಮಡಚಿದ ಹಾಳೆಯನ್ನು ತಿರುಗಿಸಿ ಮುರುಗಿಸಿ ನೋಡಿದರು. “ಬಣ್ಣ ಬದಲಿಸಾಕ ನಡುವ ರೋಲರ್ ತೊಳೀಬೇಕಾಗ್ತೈತಿ. ಆಗ್ಲಿ ಬಿಡ್ರಿ, ನಿಮ್ ಹುಚ್ಚು ನೋಡಿ ನಮಗೂ ಹುಚ್ಚು ಹಿಡಿತೈತಿ” ಎಂದರು.

ಇನ್ನು ಚಿತ್ರ. ನಾನು ಮೇಕೆ ಬರೆದರೆ ನಾಯಿಯಾಗುತ್ತಿತ್ತು, ನಾಯಿಗೆ ಕೊಂಬು ಬರೆದು ಮೇಕೆ ಮಾಡುತ್ತಿದ್ದೆ. ಪ್ರೆಸ್ಸಿನಲ್ಲಿ ಅಚ್ಚಿನ ಪ್ಲೇಟು ಮಾಡುವ ಹಿರಿಯರೊಬ್ಬರಿದ್ದರು, ಎಲ್ಲರಿಗೂ ಅವರು ಚಾಚಾ. “ಗೆರೆ ಒಂದು ಹಾಳಿಮ್ಯಾಲ, ಬಣ್ಣ ಇನ್ನೊಂದು ಹಾಳಿಮ್ಯಾಲ ಬರೀರಿ. ಕೆಂಪು ಇದ್ರೂ ಕಪ್ಪು ಮಸಿಯಾಗ, ಹಸಿರು ಇದ್ರೂ ಕಪ್ಪು ಮಸಿಯಾಗ” ಎಂದು ಹೇಳಿಕೊಟ್ಟರು. ಬಣ್ಣ ಬರುವುದು ಮಷೀನಿಗೆ ಹಾಕುವ ಶಾಯಿಯಿಂದ, ನಾವು ಕೊಡಬೇಕಾದದ್ದು ಅದು ಎಲ್ಲೆಲ್ಲಿ ಕೂರಬೇಕು ಎನ್ನುವುದನ್ನಷ್ಟೇ. ಗೆರೆಯೂ ಬಣ್ಣವೂ ಸರಿಯಾಗಿ ಕೂಡಲೆಂದು ಮೂಲೆಗಳಲ್ಲಿ ಗುರುತು ಹಾಕಿ, ಪಾರದರ್ಶಕ ಹಾಳೆಗಳನ್ನು ಒಂದರ ಮೇಲೊಂದಿಟ್ಟು ಬರೆದೆ. ಎಲೆಯ ಮೇಲಿನ ಧೂಳು ಮಾತ್ರ ಹೇಗೆ ಮಾಡಿದರೂ ಧೂಳಿನಂತೆ ಕಾಣಲಿಲ್ಲ. ಕೊನೆಗೆ ಹಳೆಯ ಹಲ್ಲುಜ್ಜುವ ಬ್ರಷ್ಷನ್ನು ಮಸಿಯಲ್ಲಿ ಅದ್ದಿ, ಹೆಬ್ಬೆರಳಿನಿಂದ ಎಳೆದು ಸಿಡಿಸಿದೆ. ಸಣ್ಣ ದೊಡ್ಡ ಚುಕ್ಕೆಗಳು ಮಳೆ ಹನಿಯಂತೆ ಬಿದ್ದವು. ಖರೇ ಧೂಳೇ! ಕೆಂಪು ಪುಟಗಳಲ್ಲಿ ಎಲೆಗೆ ಬೇರೆ ಬಣ್ಣ ತುಂಬದೆ ಬರೀ ಧೂಳು ಸಿಡಿಸಿದೆ, ಗೋಡೆಗೂ ಸಿಡಿಯಿತು.

ಮೊದಲ ಭಾನುವಾರ ಎರಡೂ ಮುಖಕ್ಕೆ ಕಪ್ಪು ಚೆನ್ನಾಗಿ ಬಿತ್ತು. ಎರಡನೇ ಭಾನುವಾರ ಕರೆಂಟು ಹೋಗುವ ಮುಂಚೆ ಮುಗಿಸಬೇಕೆಂದು ಅವರು ಬೆಳಿಗ್ಗೆ ಬೇಗನೇ ಶುರು ಮಾಡಿದ್ದರು. ನಾನು ಹೋಗುವಷ್ಟರಲ್ಲಿ ಹಸಿರು ಮುಗಿದು, ಕೆಂಪೂ ಮುಗಿದು, ಹಾಳೆಗಳು ಒಣಗಲು ಕೂತಿದ್ದವು. ಆಸೆಯಿಂದ ಒಂದನ್ನು ಎತ್ತಿದೆ. ರಸ್ತೆ ಕೆಂಪಗಿತ್ತು, ಲಾರಿ ಕೆಂಪಗಿತ್ತು. ಮರ ಬೆಳ್ಳಗಿತ್ತು. ಎಲೆಗಳ ಕಪ್ಪು ಗೆರೆಯೊಳಗೆ ಒಂದೇ ಒಂದು ಚುಕ್ಕೆ ಇರಲಿಲ್ಲ, ಸೋಪು ಹಾಕಿ ತೊಳೆದಂತೆ. ಕೋಲಿನಿಂದ ಹೊಡೆಯುವ ಪುಟದಲ್ಲಂತೂ ಹುಡುಗಿ ಕೊಂಬೆಗೆ ಹೊಡೆದರೆ ಏನೂ ಬೀಳುತ್ತಿರಲಿಲ್ಲ. ಆದರೂ ಜನ ತಲೆಗೆ ಬಟ್ಟೆ ಹೊದ್ದು ಓಡುತ್ತಿದ್ದರು.

“ಚಾಚಾ, ಧೂಳು ಎಲ್ಲಿ?” ಎಂದೆ.

ಚಾಚಾನ ಮುಖ ಅರಳಿತು. “ಒಂದೂ ಬಿಟ್ಟಿಲ್ಲ ನೋಡ್ರಿ ಮೇಡಂ! ವಾರ ಪೂರಾ ಕುಂತು ಮುಚ್ಚೀನಿ. ಸಂಡೂರ ಕಡಿಂದ ಬಂದ ಕಾಗದದಾಗ ಧೂಳು ಇರೋದ ಇರ್ತೈತಿ, ಆದ್ರ ನಿಮ್ದರಾಗ ಇದ್ದಷ್ಟು ನಾ ಎಲ್ಲೂ ನೋಡಿದ್ದಿಲ್ಲ.”

ಅಲ್ಲೇ ಕಾಗದದ ಕಟ್ಟಿನ ಮೇಲೆ ಕೂತೆ. ಆಗ ತಿಳಿಯಿತು. ಪ್ರೆಸ್ಸಿನಲ್ಲಿ ಚಿತ್ರದ ಫೋಟೋ ತೆಗೆದು, ಆ ನೆಗೆಟಿವ್‌ನಿಂದ ಪ್ಲೇಟು ಮಾಡುತ್ತಿದ್ದರು. ಆ ಊರಿನಲ್ಲಿ ಕ್ಯಾಮೆರಾದ ಗಾಜಿನ ಮೇಲೆ, ಹಾಳೆಯ ಮೇಲೆ, ಎಲ್ಲೆಲ್ಲೂ ಅದಿರಿನ ಧೂಳು ಕೂರುತ್ತಿತ್ತು. ಅದು ನೆಗೆಟಿವ್‌ನಲ್ಲಿ ಬೆಳಕು ತೂರುವ ಚುಕ್ಕೆಯಾಗಿ ಬಿದ್ದು, ಮುಚ್ಚದಿದ್ದರೆ ಅಚ್ಚಿನಲ್ಲಿ ಕಲೆಯಾಗುತ್ತಿತ್ತು. ದೀಪದ ಮೇಜಿನ ಮೇಲೆ ನೆಗೆಟಿವ್ ಹರಡಿಕೊಂಡು, ಸಣ್ಣ ಕುಂಚದಿಂದ ಒಂದು ಬಗೆಯ ಬಣ್ಣ ಹಚ್ಚಿ ಆ ಚುಕ್ಕೆಗಳನ್ನು ಮುಚ್ಚುವುದು ಚಾಚಾನ ದಿನನಿತ್ಯದ ಪೂಜೆ. ನನ್ನ ಬ್ರಷ್ಷಿನ ಧೂಳನ್ನೂ ಅವರು ಊರ ಧೂಳೆಂದೇ ತಿಳಿದರು. ನಾನು ಅಷ್ಟು ಚೆನ್ನಾಗಿ ಧೂಳು ಬರೆದಿದ್ದೇನೆಂದು ಹೆಮ್ಮೆಪಡಬೇಕೋ, ಅಳಬೇಕೋ ತಿಳಿಯಲಿಲ್ಲ. ಮೊದಲು ನಕ್ಕೆ, ಆಮೇಲೆ ಕಣ್ಣಲ್ಲಿ ನೀರು ಬಂತು. ವಿಷಯ ಗೊತ್ತಾದ ಮೇಲೆ ಚಾಚಾ ತಲೆ ಮೇಲೆ ಕೈಹೊತ್ತು ನನ್ನ ಪಕ್ಕದಲ್ಲೇ ಕೂತರು. “ಯಾ ಅಲ್ಲಾ, ಧೂಳು ಬೇಕು ಅನ್ನೋರನ್ನ ಈಗ ನೋಡಿದೆ” ಎಂದರು.

ಮಾಲೀಕರು ಚಹಾ ತರಿಸಿದರು. “ಹಿಂಗ ಇರ್ಲಿ ಬಿಡ್ರಿ ಮೇಡಂ. ಹುಡುಗ್ರ ಪುಸ್ತಕ, ಯಾರಿಗೆ ಗೊತ್ತಾಗ್ತೈತಿ? ನಾಳಿ ಮಡಚಿ, ಪಿನ್ನು ಹೊಡ್ದು ಕೊಡ್ತೀನಿ.”

“ಮತ್ತೊಮ್ಮೆ ಕೆಂಪು ಒತ್ತಿದರೆ?”

“ಚಾಚಾ ನೆಗೆಟಿವ್‌ಗೆ ಹಚ್ಚಿದ ಬಣ್ಣ ನೀರಾಗ ತೊಳೆದ್ರ ಹೋಗ್ತೈತಿ, ಹೊಸ ಪ್ಲೇಟು ಮಾಡಬಹುದು. ಇವೇ ಹಾಳಿ ಮತ್ತ ಓಡಿಸಬಹುದು. ಆದ್ರ ಮುಂದಿನ ಭಾನುವಾರ. ಅದಕ್ಕ ಮುಂಚೆ ನನ್ನ ಕೊಂದ್ರೂ ಮಷೀನು ಸಿಗಂಗಿಲ್ಲ.”

ಆ ವಾರವೇ ಕಾಲುವೆಗೆ ನೀರು ಬಿಡುತ್ತಾರೆಂದು ಊರೆಲ್ಲ ಸುದ್ದಿಯಾಗಿತ್ತು. ಬಿಳಿ ಮರದ ಪುಸ್ತಕವಾದರೆ ಹೊತ್ತಿಗೆ ಸರಿಯಾಗಿ ಆ ಹುಡುಗಿಯ ಕೈ ಸೇರುತ್ತದೆ. ಕೆಂಪು ಮರದ ಪುಸ್ತಕವಾದರೆ ಅವಳು ಹೋದ ಮೇಲೆ ಬರುತ್ತದೆ. ನನ್ನ ಮುಖ ನೋಡಿ ಮಾಲೀಕರೇ ಮತ್ತೊಂದು ದಾರಿ ಹೇಳಿದರು.

“ಒಂದು ಕೆಲಸ ಮಾಡ್ರಿ. ಹಿಂಗ ಒಯ್ರಿ, ಗೋಂದಿನಾಗ ಅದಿರಿನ ಪುಡಿ ಕಲಿಸಿ ಆ ಹುಡುಗ್ರ ಕೈಲೇ ಎಲಿಗೆ ಹಚ್ಚಿಸ್ರಿ. ಅವ್ರಿಗೆ ಆ ಕೆಲಸ ರೂಢಿ ಐತಿ. ಒಂದ ದಿನದಾಗ ಮುಗಿಸಿ ಒಗಿತಾವ.”

ಅವರು ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ನನಗೂ ಆಸೆಯಾಯಿತು, ಬಹಳ ಆಸೆಯಾಯಿತು. ಪುಸ್ತಕದ ಮೇಲೆ ಖರೇ ಅದಿರು! ಹೇಗಿರುತ್ತದೆ ನೋಡೋಣವೆಂದು ಕಿಟಕಿಯ ಪಟ್ಟಿಯ ಮೇಲಿನ ಧೂಳು ಬೆರಳಲ್ಲಿ ಸವರಿಕೊಂಡು, ಗೋಂದು ಹಚ್ಚಿ, ಒಂದು ರದ್ದಿ ಹಾಳೆಯ ಎಲೆಗಳಿಗೆ ಒತ್ತಿದೆ. ಮಸ್ತಾಗಿ ಕಂಡಿತು. ಯಾವ ಶಾಯಿಯೂ ಅಷ್ಟು ಹೊಳೆಯುವುದಿಲ್ಲ. ಹಾಳೆ ಕೆಳಗಿಟ್ಟು ಕೈ ನೋಡಿಕೊಂಡೆ. ಬೆರಳ ತುದಿ, ಉಗುರಿನ ಸಂದಿ ಎಲ್ಲ ಕೆಂಪಗಿತ್ತು, ಟೆಂಟಿನಲ್ಲಿ ಅಕ್ಷರ ತೀಡುವ ಪ್ರತಿ ಕೈ ಇರುವ ಹಾಗೆ. ಸುತ್ತಿಗೆಯನ್ನು ಬುಟ್ಟಿಯಲ್ಲಿ ಹಾಕಿಸಿ ಒಳಗೆ ಕರೆದವಳು ನಾನು. ಅದೇ ಅದಿರನ್ನು ಪುಸ್ತಕದ ಹೆಸರಿನಲ್ಲಿ ಅವರ ಮಡಿಲಿಗೆ ಹಾಕಿ, ಸಾಲಾಗಿ ಕೂರಿಸಿ, ಜಲ್ದಿ ಜಲ್ದಿ ಅನ್ನಲೇ? ನನ್ನ ಮೇಲೆ ನನಗೇ ಸಿಟ್ಟು ಬಂತು.

“ಬ್ಯಾಡ್ರಿ. ಮುಂದಿನ ಭಾನುವಾರ ಒತ್ತೋಣು” ಎಂದೆ.

“ಹುಡುಗ್ರು ಹೋಗಿರ್ತಾವಲ್ರಿ?”

“ಹೋಗಿರ್ತಾವ” ಎಂದೆ. ಸುಳ್ಳು ಮರವನ್ನು ಅವಳಿಗೆ ಕೊಡುವುದಕ್ಕಿಂತ ಬರಿಗೈ ತೋರಿಸುವುದೇ ಮೇಲು ಎಂದು ನನಗೆ ನಾನೇ ಹೇಳಿಕೊಂಡೆ, ಆದರೆ ಅದು ಖಂಡಿತ ಸರಿ ಎಂಬ ಧೈರ್ಯ ಇರಲಿಲ್ಲ.

ಸಂಯೋಜಕರು ಫೋನಿನಲ್ಲಿ ಬೈದರು. ಮಕ್ಕಳೇ ಇಲ್ಲದ ಮೇಲೆ ಪುಸ್ತಕ ಮೇಕೆಗೆ ಓದಿಸುತ್ತೀರಾ ಎಂದು ಕೇಳಿದರು.

ಆ ವಾರ ಪ್ರತಿದಿನ ಹುಡುಗಿ ಕೇಳುತ್ತಿದ್ದಳು, “ಬಂತೇನ್ರಿ ಟೀಚರ್?” ಬಂದಿಲ್ಲ ಎನ್ನುತ್ತಿದ್ದೆ. ಗುರುವಾರ ಕಾಲುವೆಗೆ ನೀರು ಬಿಟ್ಟರು. ಮರುದಿನ ಬೆಳಿಗ್ಗೆ ಗುಡಿಸಲುಗಳ ಮುಂದೆ ಟ್ರ್ಯಾಕ್ಟರ್ ನಿಂತಿತ್ತು. ಹುಡುಗಿಯ ಅವ್ವ ಪಾತ್ರೆಗಳನ್ನು ಗೋಣಿಚೀಲಕ್ಕೆ ತುಂಬುತ್ತಾ, “ನಾಟಿ ಮುಗಿದ ಮ್ಯಾಲ ಎಲ್ಲಿ ಕೆಲಸ ಸಿಗ್ತೈತೋ ಅಲ್ಲಿ ರೀ. ಇಲ್ಲಿಗೇ ಬರ್ತೀವಿ ಅಂತ ಹೆಂಗ ಹೇಳೋದು?” ಎಂದಳು. ಹುಡುಗಿ ಟ್ರೇಲರಿನಲ್ಲಿ ಮೇಕೆಗಳ ನಡುವೆ ಕೂತು ಏನೂ ಕೇಳಲಿಲ್ಲ. ಅವಳು ಪ್ರಶ್ನೆ ಕೇಳದೇ ಇದ್ದದ್ದು ಅದೇ ಮೊದಲ ಸಲ, ನನಗೆ ಅದನ್ನು ತಡೆದುಕೊಳ್ಳಲು ಕಷ್ಟವಾಯಿತು. ಊರಲ್ಲಿ ನಿಮ್ಮ ಮನೆ ಎಲ್ಲಿ ಎಂದು ನಾನೇ ಕೂಗಿ ಕೇಳಿದೆ. “ಕಾಲುವಿ ಸೇತುವಿ ದಾಟಿದ ಕೂಡ್ಲೇ ರೀ” ಎಂದು ಅವಳ ಅವ್ವ ಕೂಗಿದಳು.

ಶನಿವಾರ ಚಾಚಾ ಮತ್ತು ನಾನು ದೀಪದ ಮೇಜಿನ ಎದುರುಬದುರು ಕೂತು, ಒದ್ದೆ ಹತ್ತಿಯಿಂದ ನೆಗೆಟಿವ್ ತೊಳೆದೆವು. ಮುಚ್ಚಿದ್ದ ಚುಕ್ಕೆಗಳು ಒಂದೊಂದಾಗಿ ನಕ್ಷತ್ರದಂತೆ ಬೆಳಗತೊಡಗಿದವು. ಚಾಚಾ ಕನ್ನಡಕ ಮೇಲೆತ್ತಿ, “ಈಗ ಹೇಳ್ರಿ ಮೇಡಂ, ಇದರಾಗ ನಿಮ್ಮ ಧೂಳು ಯಾವ್ದು, ಸಂಡೂರ ಧೂಳು ಯಾವ್ದು?” ಎಂದರು. ಎಷ್ಟು ಬಗ್ಗಿ ನೋಡಿದರೂ ನನಗೂ ಗೊತ್ತಾಗಲಿಲ್ಲ. ಎಲ್ಲವನ್ನೂ ಇರಲಿ ಬಿಡಿ ಎಂದೆ. ಭಾನುವಾರ ಅವೇ ಹಾಳೆಗಳು ಮತ್ತೆ ಮಷೀನಿಗೆ ಹೋದವು. ಎರಡನೇ ಸಲದ ಕೆಂಪು ಕೂದಲೆಳೆಯಷ್ಟು ಪಕ್ಕಕ್ಕೆ ಬಿತ್ತು. ಧೂಳು ಎಲೆಯ ಗೆರೆ ದಾಟಿ ಆಕಾಶಕ್ಕೂ, ಹುಡುಗಿಯ ಕೆನ್ನೆಗೂ ಹೋಗಿತ್ತು. ಮಾಲೀಕರು ಮುಖ ಸಿಂಡರಿಸಿದರು. ನನಗೆ ಅದು ಹೆಚ್ಚು ನಿಜವೆನ್ನಿಸಿತು, ಧೂಳು ಗೆರೆಯೊಳಗೇ ಇರುವುದನ್ನು ಎಲ್ಲಿ ನೋಡಿದ್ದೇವೆ?

ಪುಸ್ತಕಗಳನ್ನು ಪಿನ್ನು ಹೊಡೆದು ಕೊಟ್ಟ ದಿನವೇ ಒಂದು ಕಟ್ಟು ಎತ್ತಿಕೊಂಡು ಕಂಪ್ಲಿಗೆ ಬಂದೆ, ಮರುದಿನ ಅಲ್ಲಿಂದ ಎಮ್ಮಿಗನೂರಿಗೆ. ಬಸ್ಸಿನ ಎರಡೂ ಕಡೆ ಗದ್ದೆಗೆ ನೀರು ನಿಂತಿತ್ತು. ಹೆಂಗಸರು ಬಗ್ಗಿ ಸಸಿ ಊರುತ್ತಿದ್ದರು. ಸೇತುವೆ ದಾಟಿದ ಕೂಡಲೇ ಒಂದು ಬೇವಿನ ಮರ, ಅದರ ಕಟ್ಟೆಯ ಮೇಲೆ ಮಕ್ಕಳ ಗುಂಪು. ದೊಡ್ಡವರೆಲ್ಲ ಗದ್ದೆಯಲ್ಲಿದ್ದರು. ಹುಡುಗಿ ನನ್ನನ್ನು ನೋಡಿ ಎದ್ದು ನಿಂತಳು, ಆದರೆ ಓಡಿ ಬರಲಿಲ್ಲ. ಅವಳ ಕೈಗಳು ಸ್ವಚ್ಛವಾಗಿದ್ದವು. ನಾನು ತಡ ಆಯಿತವ್ವಾ ಎಂದು ಪುಸ್ತಕ ಕೊಟ್ಟೆ. ಅವಳು ಅದನ್ನು ಮೂಸಿ ನೋಡಿದಳು, ಆಮೇಲೆ ಕಟ್ಟೆಯ ಮೇಲೆ ಕೂತು, ಬೆರಳಿಟ್ಟು, ಒಂದೊಂದೇ ಅಕ್ಷರ ಕೂಡಿಸಿಕೊಂಡು ಗಟ್ಟಿಯಾಗಿ ಓದತೊಡಗಿದಳು. ಊರ ಮಕ್ಕಳು ಭುಜಕ್ಕೆ ಭುಜ ಒತ್ತಿ ಬಗ್ಗಿದರು.

ಹಸಿರು ಪುಟಕ್ಕೆ ಯಾರೂ ಏನೂ ಅನ್ನಲಿಲ್ಲ. ಕೆಂಪು ಪುಟ ಬಂದ ಕೂಡಲೇ ಒಬ್ಬ ಹುಡುಗ ಕಿಸಕ್ಕನೆ ನಕ್ಕ. “ಎಲ್ಲೆರ ಬೇವು ಕೆಂಪಗ ಇರ್ತೈತೇನ್ಲೇ?” ಎಂದ.

“ಅದನ್ನ ಮೊನ್ನಿನೂ ಹೇಳಿದ್ಲು ಈಕಿ” ಎಂದಳು ಇನ್ನೊಬ್ಬಳು. “ನಾವಿದ್ದ ಊರಾಗ ಮರ ಕೆಂಪಗ, ಮೇಕಿಗೆ ಹಾಕಬೇಕಾದ್ರ ಕೋಲ್ಲೇ ಬಡೀಬೇಕು ಅಂತ. ಬರೀ ಸುಳ್ಳಿ.”

ಹುಡುಗಿ ಓದು ನಿಲ್ಲಿಸಿದ್ದಳು. ಕಿವಿ ಕೆಂಪಾಗಿತ್ತು. ಅಂದರೆ ಬಂದ ದಿನದಿಂದ ಅವಳು ಇವರಿಗೆ ಹೇಳುತ್ತಲೇ ಇದ್ದಳು, ಇವರು ನಗುತ್ತಲೇ ಇದ್ದರು. ಬಿಳಿ ಮರದ ಪುಸ್ತಕ ಆ ವಾರವೇ ಕೊಟ್ಟು ಕಳಿಸಿದ್ದರೆ ಅವಳು ಇದೇ ಕಟ್ಟೆಯ ಮೇಲೆ ಅದನ್ನು ತೆರೆಯುತ್ತಿದ್ದಳು, ಅವಳದೇ ಪುಸ್ತಕ ಅವಳನ್ನು ಸುಳ್ಳಿ ಮಾಡುತ್ತಿತ್ತು ಎಂದು ನನಗೆ ಆಗ ಹೊಳೆಯಿತು.

“ಕತಿ ಹೌದಲ್ರಿ ಟೀಚರ್ ಇದು? ಖರೇ ಅಲ್ಲಲ್ಲ?” ಎಂದು ಆ ಹುಡುಗ ನನ್ನನ್ನು ಕೇಳಿದ.

ನಾನು ಬಾಯಿ ತೆರೆದೆ. ಅಷ್ಟರಲ್ಲಿ ಹುಡುಗಿ, “ಅವ್ರನ್ನೇನ್ ಕೇಳ್ತಿ? ನನ್ನ ಕೇಳು” ಎಂದು ಪುಸ್ತಕ ತಿರುವಿ, ಕೋಲಿನಿಂದ ಕೊಂಬೆಗೆ ಹೊಡೆಯುವ ಪುಟ ತೆಗೆದು ಅವರ ಮುಖಕ್ಕೆ ಹಿಡಿದಳು. ಎರಡೂ ಪುಟದ ತುಂಬ ಧೂಳು. ಗುಂಪು ಇನ್ನಷ್ಟು ಹತ್ತಿರ ಬಗ್ಗಿತು. ಎಲ್ಲರಿಗಿಂತ ಸಣ್ಣವಳೊಬ್ಬಳು ಮುಂದೆ ಬಂದು, ಬೆರಳನ್ನು ನಾಲಿಗೆಗೆ ಹಚ್ಚಿ, ಕೆಂಪು ಎಲೆಯ ಮೇಲೆ ಮೆಲ್ಲಗೆ ತಿಕ್ಕಿ, ಬೆರಳು ತಿರುಗಿಸಿ ನೋಡಿಕೊಂಡಳು.

“ಇದರಾಗ ಕೈಗೆ ಹತ್ತಂಗಿಲ್ಲ” ಎಂದಳು ನನ್ನ ಹುಡುಗಿ. “ಅಲ್ಲಿ ಹತ್ತತಿತ್ತು. ನಾ ಅಲ್ಲಿದ್ದೆ.”